ಈರಕ್ಕನ ಮನೆಯಲ್ಲಿ ಒಂದು ಮಂಡಲ

ನನ್ನ ಎಡಗೈಯಲ್ಲಿ ಗುದ್ದು ಇರಲಿಲ್ಲ. ಬಲಗೈ ಒಂದರಿಂದಲೇ ಕೆಲಸ ಆಗುತ್ತಿದ್ದುದರಿಂದ ನಾನಾಗಲಿ, ನನಗೆ ಬಾಕ್ಸಿಂಗ್ ಕಲಿಸಿದ ಸೋದರಮಾವ ಚೆಲುವಯ್ಯನಾಗಲಿ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಹದಿನಾರಕ್ಕೆ ಗ್ಲೌಸ್ ತೊಟ್ಟವಳು ಇಪ್ಪತ್ತೆರಡರ ಹೊತ್ತಿಗೆ ಹತ್ತೊಂಬತ್ತು ಪಂದ್ಯ ಆಡಿದ್ದೆ, ಹತ್ತೊಂಬತ್ತನ್ನೂ ಗೆದ್ದಿದ್ದೆ. ಎದುರಿಗೆ ನಿಂತವರಲ್ಲಿ ಹದಿಮೂರು ಮಂದಿ ಎರಡನೇ ರೌಂಡ್ ನೋಡಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಆದದ್ದು ಹಾಗೆ.

ನಮ್ಮೂರಲ್ಲಿ ಬಾಕ್ಸಿಂಗಿಗೆ ಎರಡು ಗರಡಿ. ದಿಬ್ಬದ ಮೇಲಿನದು ಮೇಲ್ಗರಡಿ, ಅದಕ್ಕೆ ಮಾವ ಉಸ್ತಾದ್. ಸುಣ್ಣದ ಗೂಡುಗಳ ಪಕ್ಕದ್ದು ಕೆಳಗರಡಿ, ಅದಕ್ಕೆ ಈರಮ್ಮ ಉಸ್ತಾದ್. ಊರಿನ ಬಾಯಲ್ಲಿ ಅವಳು ಈರಕ್ಕ. ನಾಲ್ಕು ವರ್ಷಕ್ಕೊಮ್ಮೆ ಪಂಚರು ಎರಡೂ ಗರಡಿಯಿಂದ ಒಬ್ಬೊಬ್ಬರನ್ನು ಆರಿಸಿ ದೊಡ್ಡಪಂದ್ಯ ಆಡಿಸುತ್ತಾರೆ. ಆರಿಸಿದ ಮೇಲೆ ಬೇಡ ಎನ್ನಲು ಉಸ್ತಾದರಿಗೆ ಅಧಿಕಾರವಿಲ್ಲ. ಗೆದ್ದವರು ಮುಂದೆಯೂ ಆಡಬಹುದು. ಸೋತವರು ಮತ್ತೆ ಗ್ಲೌಸ್ ತೊಡುವ ಹಾಗಿಲ್ಲ, ಬೇಕಿದ್ದರೆ ಬೇರೆಯವರಿಗೆ ಕಲಿಸಬಹುದು. ಹಾಗಾಗಿ ನಮ್ಮೂರಿನ ಉಸ್ತಾದರೆಲ್ಲ ಸೋತವರೇ. ಮಾವ ಸೋತದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ಈರಕ್ಕ ಇಪ್ಪತ್ತಮೂರರಲ್ಲಿ. ಇಬ್ಬರೂ ಅದನ್ನು ಮಾತಿಗೆ ತರುತ್ತಿರಲಿಲ್ಲ.

ದೊಡ್ಡಪಂದ್ಯಕ್ಕೆ ಒಂದು ಮಂಡಲ ಮುಂಚೆ, ಅಂದರೆ ನಲವತ್ತೆಂಟು ದಿನ ಇರುವಾಗ, ಆಡುವ ಇಬ್ಬರೂ ಮನೆ ಬದಲಾಯಿಸುತ್ತಾರೆ. ಎದುರಾಳಿಯ ಮನೆಯಲ್ಲಿ ಉಣ್ಣಬೇಕು, ಎದುರಾಳಿಯ ಚಾಪೆಯಲ್ಲಿ ಮಲಗಬೇಕು, ಎದುರಾಳಿಯ ಉಸ್ತಾದರಿಂದ ಕಲಿಯಬೇಕು. ಕಲಿಸುವವರು ಏನನ್ನೂ ಬಚ್ಚಿಡುವ ಹಾಗಿಲ್ಲ. ಕೊನೆಯ ದಿನ ತಮ್ಮ ಸ್ವಂತ ಶಿಷ್ಯರ ಒಂದು ತಪ್ಪನ್ನು ಎದುರಾಳಿಗೆ ಬಾಯಿಬಿಟ್ಟು ಹೇಳಿ ಕಳಿಸಬೇಕು. ಹೇಳಿದ್ದು ನಿಜವೇ ಎಂದು ಯಾರೂ ಬಂದು ನೋಡುವುದಿಲ್ಲ. ಕೇಳಿಸಿಕೊಂಡವರು ಅದನ್ನು ಪಂದ್ಯ ಮುಗಿಯುವವರೆಗೆ ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ. ಇದಕ್ಕೆ ಮನೆಬದಲು ಎನ್ನುತ್ತಾರೆ. ನಾವು ಹುಟ್ಟುವ ಮುಂಚಿನಿಂದ ಇದೆ, ಆದ್ದರಿಂದ ಜನ ಅದರ ಬಗ್ಗೆ ಯೋಚಿಸುವುದಿಲ್ಲ, ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುತ್ತಾರೆ. ಒಮ್ಮೆ ಮಾಂಸದಂಗಡಿಯವರ ಮಗಳು ಪುರೋಹಿತರ ಮನೆಗೆ ಬದಲಾಗಿ ಎಂಟು ಕೆಜಿ ಇಳಿದಿದ್ದಳು. ಅಂದಿನಿಂದ ಒಣಮೀನು ಕಟ್ಟಿಕೊಂಡು ಹೋಗಿ ಹಿತ್ತಲಲ್ಲಿ ಸುಟ್ಟು ತಿನ್ನಬಹುದು ಎಂದು ಪಂಚರು ಒಪ್ಪಿದ್ದಾರೆ.

ಆ ವರ್ಷ ನನ್ನ ಎದುರಿಗೆ ಆಯ್ಕೆಯಾದವಳು ಜಯಶೀಲಾ, ಈರಕ್ಕನ ಮಗಳು. ಉಸ್ತಾದರ ಹೊಟ್ಟೆಯಲ್ಲಿ ಹುಟ್ಟಿದವಳು ದೊಡ್ಡಪಂದ್ಯಕ್ಕೆ ನಿಂತದ್ದು ಅದೇ ಮೊದಲು. ಹೋಟೆಲಿನಲ್ಲಿ, ಗಿರಣಿಯಲ್ಲಿ ಅದೇ ಮಾತು. ಈರಕ್ಕ ನನಗೆ ಕಲಿಸುತ್ತಾಳೋ, ಕೆಡಿಸಿ ಕಳಿಸುತ್ತಾಳೋ. ಹೊರಡುವ ದಿನ ನಾನೂ ಮಾವನನ್ನು ಕೇಳಿದೆ.

"ನೀವು ಅವಳಿಗೆ ಸರಿಯಾಗಿ ಹೇಳ್ಕೊಡ್ತೀರಾ?"

"ಇನ್ನೇನು ಮಾಡ್ಲಿ. ತಪ್ಪು ಹೇಳ್ಕೊಡೋಕೆ ನಂಗೆ ಬರಲ್ಲ" ಎಂದ ಮಾವ. "ಅಲ್ಲಿ ಕೊಟ್ಟಿದ್ದು ತಿನ್ನು, ಹೇಳಿದ್ದು ಮಾಡು. ನಂಬೋದು ಬಿಡೋದು ನಿಂಗೆ ಬಿಟ್ಟಿದ್ದು."

ಸೇತುವೆಯ ಮೇಲೆ ಜಯಶೀಲಾ ಎದುರಾದಳು. ಅವಳ ಹೆಗಲ ಮೇಲೂ ಒಂದು ಬ್ಯಾಗು. ನನಗಿಂತ ಎತ್ತರ, ತೆಳ್ಳಗೆ, ಕೈ ಮೊಳಕಾಲು ಮುಟ್ಟುವಷ್ಟು ಉದ್ದ. ನನ್ನ ಕಡೆ ನೋಡಲು ಪೂರ್ತಿ ಕತ್ತು ತಿರುಗಿಸಿದಳು. ಸೊಕ್ಕು ಎಂದುಕೊಂಡೆ.

"ನನ್ನ ದಿಂಬು ಗಟ್ಟಿ ಐತೆ. ಕತ್ತು ಹಿಡ್ಕೊಂಡ್ರೆ ನನ್ನ ಬಯ್ಬೇಡ" ಎಂದಳು.

"ನಮ್ಮತ್ತೆ ಮುದ್ದೆ ಅದಕ್ಕಿಂತ ಗಟ್ಟಿ. ನುಂಗೋದು ಕಲ್ತ್ಕೊ" ಎಂದೆ.

"ಮಂಚಿ, ಸೋತ್ರೆ ಏನ್ ಮಾಡ್ತೀಯ?"

"ಗೊತ್ತಿಲ್ಲ. ಯೋಚ್ನೆ ಮಾಡಿಲ್ಲ. ನೀನು?"

"ನಾನೂ ಮಾಡಿಲ್ಲ" ಎಂದು ನಕ್ಕು ದಿಬ್ಬದ ಕಡೆ ನಡೆದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಇಬ್ಬರಿಗೂ ಇದ್ದದ್ದು ಆಟ ಒಂದೇ. ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು, ಅವಳಿಗೆ ಗಣಿತವೂ ವಿಜ್ಞಾನವೂ.

ಮೇಲ್ಗರಡಿಯ ತಯಾರಿ ಹೇಗೆಂದು ಮೊದಲು ಹೇಳುತ್ತೇನೆ. ನಾಲ್ಕೂವರೆಗೆ ಏಳಬೇಕು. ಹತ್ತು ಸೇರಿನ ಗುಂಡುಕಲ್ಲನ್ನು ಎದೆಗೆ ಅವುಚಿಕೊಂಡು ದಿಬ್ಬವನ್ನು ಹನ್ನೊಂದು ಸಲ ಹತ್ತಿ ಇಳಿಯಬೇಕು. ಆಮೇಲೆ ಮರಳಿನ ಚೀಲಕ್ಕೆ ಬಲಗೈಯಲ್ಲಿ ಸಾವಿರ ಗುದ್ದು. ಎಣಿಸುವುದು ಮಾವ. ಒಂದು ಗುದ್ದು ಮೆತ್ತಗೆ ಬಿದ್ದರೆ ಐವತ್ತು ಹಿಂದಕ್ಕೆ ಹೋಗುತ್ತಾನೆ. ಮಧ್ಯಾಹ್ನ ಎರಡು ಮುದ್ದೆ, ನಾಲ್ಕು ಮೊಟ್ಟೆ, ಸೊಪ್ಪಿನ ಸಾರು. ಸಂಜೆ ರಿಂಗಿನಲ್ಲಿ ಮೂವರ ಜೊತೆ ಒಬ್ಬೊಬ್ಬರಾಗಿ ಆಡಿಸುತ್ತಾನೆ. ಮೂರನೆಯವಳು ಬರುವ ಹೊತ್ತಿಗೆ ಕೈ ಎತ್ತಲು ಆಗುವುದಿಲ್ಲ, ಆಗಲೇ ಎತ್ತಬೇಕು. ಮಾತು ಇಲ್ಲ. ಆರು ವರ್ಷದಲ್ಲಿ ಮಾವ ನನ್ನನ್ನು ಹೊಗಳಿದ್ದು ಎರಡು ಸಲ, ಅದರಲ್ಲಿ ಒಂದು ಸಲ ಜ್ವರ ಬಂದಿತ್ತು, ಅವನಿಗೆ. ಈ ತಯಾರಿಯ ಅರ್ಥ ಇಷ್ಟೆ: ನಿನಗೆ ಎಷ್ಟು ಏಟು ಬಿದ್ದರೂ ನೀನು ನಿಂತಿರಬೇಕು, ನಿನ್ನ ಒಂದು ಏಟು ಬಿದ್ದರೆ ಎದುರಿಗಿದ್ದವಳು ನಿಂತಿರಬಾರದು.

ಈರಕ್ಕನ ಮನೆಯಲ್ಲಿ ಮೊದಲ ದಿನ ನಾಲ್ಕೂವರೆಗೆ ಎದ್ದು ಬೂಟಿನ ದಾರ ಕಟ್ಟುತ್ತಿದ್ದೆ. ಒಳಗಿನಿಂದ ದನಿ ಬಂತು.

"ಯಾರೇ ಅದು, ಕಳ್ಳಿ ಥರ? ಮಲಕ್ಕೊ. ಮೈ ಬೆಳೆಯೋದು ನಿದ್ದೇಲಿ."

ಏಳಕ್ಕೆ ಎಬ್ಬಿಸಿದಳು. ಕಾಫಿ ಕೊಟ್ಟಳು. ಹನ್ನೆರಡು ದಿನ ಗ್ಲೌಸ್ ಮುಟ್ಟಲು ಬಿಡಲಿಲ್ಲ. ಎಡಗೈಯಲ್ಲಿ ಅಂಗಳ ಗುಡಿಸು ಎಂದಳು. ಎಡಗೈಯಲ್ಲಿ ಬಾವಿ ಹಗ್ಗ ಎಳೆ, ಎಡಗೈಯಲ್ಲಿ ಚಟ್ನಿ ಅರೆ, ಎಡಗೈಯಲ್ಲಿ ಬೀಗ ತೆಗಿ. ಉಣ್ಣುವುದೊಂದು ಬಲಗೈಯಲ್ಲಿ, ಅದೂ ಅವಳಿಗೆ ಇಷ್ಟವಿರಲಿಲ್ಲ. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಹೆಜ್ಜೆ ಬರೆದು ಅದರ ಮೇಲೆ ನಡೆಸಿದಳು. ಅಳಿಸಿ ಮತ್ತೆ ಬರೆದಳು. ಮಾತು ನಿಲ್ಲುತ್ತಲೇ ಇರಲಿಲ್ಲ.

"ಚೆಲುವಯ್ಯ ನಿನ್ನ ಎತ್ತು ಸಾಕ್ದಂಗೆ ಸಾಕವ್ನೆ. ಎತ್ತಿಗೇನು, ಎಳೆಯೋದು ಗೊತ್ತು. ಬದಿಗೆ ಸರಿಯೋದು ಗೊತ್ತಾ?"

"ಸರಿಯೋ ಕಾಲ ಬಂದಿಲ್ಲ ಈರಕ್ಕ. ಅಷ್ಟರೊಳಗೆ ಎದುರಿಗಿದ್ದೋರು ಬಿದ್ದಿರ್ತಾರೆ."

"ಆಹಾ. ಬಾಯಿ ಚೆನ್ನಾಗಿ ಕಲ್ಸವ್ನೆ."

ಸೋಮವಾರ ಸಂತೆ. ಬಾಯಿವರೆಗೆ ಮಜ್ಜಿಗೆ ತುಂಬಿದ ಚೆಂಬನ್ನು ನನ್ನ ಕೈಗೆ ಕೊಟ್ಟು, ಈರುಳ್ಳಿ ಸಾಲಿನಿಂದ ಬಟ್ಟೆ ಸಾಲಿನವರೆಗೆ ಹೋಗಿ ಬಾ ಎಂದಳು. ಯಾರನ್ನೂ ಮುಟ್ಟಬಾರದು, ಒಂದು ಹನಿ ಚೆಲ್ಲಬಾರದು, ನಿಲ್ಲಬಾರದು. ಮೊದಲ ಸೋಮವಾರ ಅರ್ಧ ಚೆಂಬಿನೊಂದಿಗೆ ವಾಪಸು ಬಂದೆ. ಉಳಿದ ಅರ್ಧ ನನ್ನ ಅಂಗಿಯ ಮೇಲಿತ್ತು. ಈರುಳ್ಳಿ ಮಾರುವವನು "ಅಕ್ಕ, ಮಜ್ಜಿಗೆ ಸ್ನಾನ ತಲೆಗೆ ಒಳ್ಳೇದು, ಮೈಗಲ್ಲ" ಎಂದ. ಅವನಿಗೆ ಬಲಗೈ ತೋರಿಸಿದೆ, ಸುಮ್ಮನಾದ. ಐದನೇ ಸೋಮವಾರ ಚೆಂಬು ತುಂಬಿದಂತೆ ವಾಪಸು ಬಂತು. ಜನ ಹೇಗೆ ಸರಿಯುತ್ತಾರೆ ಎನ್ನುವುದು ಅವರ ಸೊಂಟದಲ್ಲಿ ಮೊದಲು ಗೊತ್ತಾಗುತ್ತದೆ, ಭುಜದಲ್ಲಿ ಆಮೇಲೆ. ಇದನ್ನು ಈರಕ್ಕ ಹೇಳಿಕೊಡಲಿಲ್ಲ, ಸಂತೆ ಹೇಳಿಕೊಟ್ಟಿತು.

ಹದಿಮೂರನೇ ದಿನ ಗ್ಲೌಸ್ ಕೊಟ್ಟಳು. ಮರಳಿನ ಚೀಲಕ್ಕೆ ಇದ್ದಿಲಿನಲ್ಲಿ ಒಂದು ಗೆರೆ ಎಳೆದಳು. ಗೆರೆಯ ಮೇಲೆ ನಾಲ್ಕು ಬೆರಳು ಬಿಟ್ಟು ಒಂದು ಬಟ್ಟೆ ಚೀಲ ಕಟ್ಟಿ, ಅದರೊಳಗೆ ಹಸಿ ಮೊಟ್ಟೆ ಇಟ್ಟಳು.

"ಎಡಗೈ ಹೊರಗಿಂದ ಸುತ್ತಿ ಬರ್ಬೇಕು. ಗೆರೆ ಮೇಲೆ ಬೀಳ್ಬೇಕು. ಮೊಟ್ಟೆ ಒಡೆದ್ರೆ ಅದೇ ನಿನ್ನ ಪಾಲಿನ ಮೊಟ್ಟೆ."

ಮೊದಲ ವಾರ ನಾನು ಮೊಟ್ಟೆ ತಿನ್ನಲಿಲ್ಲ. ಕೈ ಸುತ್ತಿ ಬರುವಾಗ ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು. ಸೊಂಟವನ್ನು ತಿರುಗಿಸದೆ ಬರೀ ತೋಳು ಬೀಸುತ್ತಿದ್ದೆ ಎಂದು ಆಮೇಲೆ ತಿಳಿಯಿತು. ಎರಡನೇ ವಾರ ಮೊಟ್ಟೆ ಉಳಿಯತೊಡಗಿತು. ಮೂರನೇ ವಾರ ಚೀಲ ಜೋತಾಡುತ್ತಿದ್ದಾಗಲೂ ಗೆರೆಗೇ ಬಿದ್ದಿತು. ಆ ದನಿ ಬೇರೆ. ಬಲಗೈಯ ಗುದ್ದು ಚೀಲವನ್ನು ದೂಡುತ್ತದೆ, ಈ ಗುದ್ದು ಅದನ್ನು ಮಡಚುತ್ತಿತ್ತು. ಈರಕ್ಕ ಮಾತು ನಿಲ್ಲಿಸಿ ಒಂದು ನಿಮಿಷ ನೋಡಿದಳು. ಆಮೇಲೆ ಒಳಗೆ ಹೋಗಿ ಎರಡು ಮೊಟ್ಟೆ ಬೇಯಿಸಿದಳು.

ಇಬ್ಬರು ಉಸ್ತಾದರ ನಡುವೆ ಎಲ್ಲಿ ವ್ಯತ್ಯಾಸ ಎಂದು ನನ್ನನ್ನು ಈಗಲೂ ಕೇಳುತ್ತಾರೆ. ಮಾವ ಮೈಯನ್ನು ದಣಿಸಿ ಗಟ್ಟಿ ಮಾಡುತ್ತಿದ್ದ, ಈರಕ್ಕ ಮೈಯನ್ನು ದಣಿಯಲು ಬಿಡದೆ ಚುರುಕು ಮಾಡುತ್ತಿದ್ದಳು. ಮಾವನ ಶಿಷ್ಯೆ ಹತ್ತು ಏಟು ತಿಂದು ಒಂದು ಕೊಡುತ್ತಾಳೆ, ಈರಕ್ಕನ ಶಿಷ್ಯೆ ಎರಡು ಏಟು ತಪ್ಪಿಸಿಕೊಂಡು ಒಂದು ಕೊಡುತ್ತಾಳೆ. ಯಾವುದು ಮೇಲು ಎಂದರೆ ಎರಡೂ ಸೇರಿದ್ದು ಮೇಲು. ಆ ಮಂಡಲದಲ್ಲಿ ನಾನು ಮೂರು ಕೆಜಿ ಇಳಿದೆ, ಎಂದೂ ಅಷ್ಟು ಚೆನ್ನಾಗಿ ಆಡಿರಲಿಲ್ಲ.

ಜಯಶೀಲಾಳ ಸುದ್ದಿ ಹಾಲಿನ ತಿಮ್ಮಕ್ಕನ ಮೂಲಕ ಬರುತ್ತಿತ್ತು. ಅವಳು ಎರಡೂ ಮನೆಗೆ ಹಾಲು ಹಾಕುತ್ತಿದ್ದಳು. ಹಾಲಿಗೆ ಬೆರೆಸಿದಷ್ಟೇ ನೀರನ್ನು ಸುದ್ದಿಗೂ ಬೆರೆಸುತ್ತಿದ್ದಳು.

"ನಿಮ್ಮ ಹುಡುಗಿ ಮೊದಲ ದಿನ ಕಲ್ಲೆತ್ಕೊಂಡು ದಿಬ್ಬದ ಅರ್ಧಕ್ಕೇ ಕೂತ್ಬಿಟ್ಳು ಈರಕ್ಕ. ಚೆಲುವಯ್ಯ ಕಲ್ಲಿನ ಪಕ್ಕ ತಾನೂ ಕೂತ್ಕಂಡ. ಮಾತಿಲ್ಲ ಕತೆಯಿಲ್ಲ. ಬಿಸ್ಲು ಬಂತು, ಇಬ್ರೂ ಕೂತವ್ರೆ. ಕೊನೆಗೆ ಅವಳೇ ಎದ್ದಳು."

"ಈಗ?"

"ಈಗ ಹನ್ನೊಂದೂ ಹತ್ತುತಾಳೆ. ತೋಳು ಹಿಂಗಾಗವೆ" ಎಂದು ಹಾಲಿನ ಕ್ಯಾನು ತೋರಿಸಿದಳು. "ನಿನ್ನೆ ಮರಳಿನ ಚೀಲದ ಹೊಲಿಗೆ ಬಿಟ್ಟೋಯ್ತಂತೆ."

ನಾನು ಆ ಚೀಲಕ್ಕೆ ಆರು ವರ್ಷ ಗುದ್ದಿದ್ದೆ. ಹೊಲಿಗೆ ಬಿಟ್ಟಿರಲಿಲ್ಲ. ಹಳೆಯದಾಗಿತ್ತು, ನಾನೇ ಮೆತ್ತಗೆ ಮಾಡಿಟ್ಟದ್ದು ಎಂದು ಸಮಾಧಾನ ಮಾಡಿಕೊಂಡೆ.

"ಉಣ್ತಾಳಾ?" ಎಂದು ಈರಕ್ಕ ಕೇಳಿದಳು.

"ಮೂರು ಮುದ್ದೆ."

ಈರಕ್ಕ ಪಾತ್ರೆ ಒಳಗೆ ತೆಗೆದುಕೊಂಡು ಹೋದಳು.

ಆ ಮನೆಯಲ್ಲಿ ಕೆಲವು ವಸ್ತುಗಳು ವಿಚಿತ್ರವಾಗಿದ್ದವು. ಅಡುಗೆಮನೆಯಿಂದ ಹೊರಗೆ ಬರುವ ಬಾಗಿಲಿನ ಬಲಗಡೆಯ ಕಂಬಕ್ಕೆ ಹಳೇ ಸೀರೆ ಸುತ್ತಿತ್ತು, ಎಡಗಡೆಗೆ ಇರಲಿಲ್ಲ. ಜಯಶೀಲಾಳ ಚಾಪೆಯ ಪಕ್ಕದಲ್ಲಿ ನೀರಿನ ತಂಬಿಗೆಯನ್ನು ಈರಕ್ಕ ಯಾವಾಗಲೂ ಎಡಗಡೆಗೇ ಇಡುತ್ತಿದ್ದಳು. ನಾನು ಬಲಕ್ಕೆ ಇಟ್ಟುಕೊಂಡರೂ ಬೆಳಿಗ್ಗೆ ಎಡಕ್ಕೆ ಬಂದಿರುತ್ತಿತ್ತು. ಸೀರೆ ಯಾಕೆ ಎಂದು ಕೇಳಿದೆ.

"ತಲೆ ತಾಕ್ತದೆ."

"ನಂಗೆ ತಾಕ್ಲಿಲ್ಲವಲ್ಲ."

"ನೀನು ಕುಳ್ಳಿ. ಚಟ್ನಿ ಅರಿ ಹೋಗು."

ನಲವತ್ತೆಂಟನೇ ದಿನ ಮಧ್ಯಾಹ್ನ ಈರಕ್ಕ ಜಗಲಿಯ ಮೇಲೆ ಕೂತು ನನ್ನ ಗ್ಲೌಸಿಗೆ ಎಣ್ಣೆ ಸವರುತ್ತಿದ್ದಳು. ಪಕ್ಕದಲ್ಲಿ ಕೂರು ಎಂದಳು. ತಪ್ಪು ಹೇಳುವ ಹೊತ್ತು ಎಂದು ಗೊತ್ತಾಯಿತು. ಇದಕ್ಕೆ ಸಾಮಾನ್ಯವಾಗಿ ಉಸ್ತಾದರು ಸಣ್ಣದೊಂದನ್ನು ಆರಿಸುತ್ತಾರೆ. ಬೇಗ ಉಬ್ಬಸ ಬರುತ್ತದೆ, ಎಡಗಾಲು ಭಾರ, ಹೀಗೆ. ಮಾವ ಅಷ್ಟು ಹೊತ್ತಿಗೆ ದಿಬ್ಬದ ಮೇಲೆ ಜಯಶೀಲಾಗೆ ನನ್ನ ತಪ್ಪು ಹೇಳಿರುತ್ತಾನೆ, ಅದು ಯಾವುದೆಂದೂ ನನಗೆ ಗೊತ್ತಿತ್ತು. ಏಟು ಬಿದ್ದ ತಕ್ಷಣ ನಾನು ಹಿಂದೆ ಮುಂದೆ ನೋಡದೆ ತಿರುಗಿ ಹೊಡೆಯುತ್ತೇನೆ.

"ಅವಳ ಬಲಗಣ್ಣಿನ ಅಂಚಲ್ಲಿ ಏನೂ ಕಾಣಲ್ಲ" ಎಂದಳು ಈರಕ್ಕ. "ಎದುರಿಗೆ ಚೆನ್ನಾಗಿ ಕಾಣ್ತದೆ. ಬದಿಯಿಂದ ಸುತ್ತಿ ಬರೋ ಎಡಗೈ ಬಿದ್ದ ಮೇಲೇ ಗೊತ್ತಾಗೋದು."

ನಾನು ಅವಳ ಮುಖ ನೋಡಿದೆ. ಅವಳು ಗ್ಲೌಸಿನ ಹೊಲಿಗೆ ನೋಡುತ್ತಿದ್ದಳು.

"ದವಡೆಗೆ ಹೊಡಿ. ಮೇಲಕ್ಕೆ ಹೋಗ್ಬೇಡ. ಗೆರೆಗೆ."

"ಯಾರಾದ್ರೂ ಇಂಥದ್ದು ಹೇಳ್ತಾರಾ ಈರಕ್ಕ? ನಿಮ್ಮ ಮಗಳು."

"ನನ್ನ ಮಗಳೇ. ಒಂದು ತಪ್ಪು ಹೇಳ್ಬೇಕು ಅಂತ ಪದ್ಧತಿ. ಹೇಳಿದೀನಿ. ಬ್ಯಾಗು ಈಗ್ಲೇ ಕಟ್ಕೊ, ನಾಳೆ ಪಂದ್ಯದ ಗಡಿಬಿಡೀಲಿ ಇಲ್ಲೇ ಉಳ್ಕೊಳ್ತದೆ ಎಲ್ಲ."

ನಾನು ನಂಬಲಿಲ್ಲ. ಕಂಬದ ಸೀರೆ, ತಂಬಿಗೆ ಎಲ್ಲ ಕಣ್ಣ ಮುಂದೆ ಇದ್ದವು, ಆದರೂ ನಂಬಲಿಲ್ಲ. ಅವನ್ನೂ ನನಗೆ ತೋರಿಸಲೆಂದೇ ಇಟ್ಟಿರಬಹುದು ಎಂದು ಲೆಕ್ಕ ಹಾಕಿದೆ. ಸುತ್ತಿ ಬರುವ ಎಡಗೈ ದೂರದಿಂದ ಬರುತ್ತದೆ. ಅದು ಬರುವಷ್ಟು ಹೊತ್ತು ನನ್ನ ಮುಖ ತೆರೆದಿರುತ್ತದೆ. ಜಯಶೀಲಾಳ ಉದ್ದನೆಯ ಬಲಗೈ ನೇರ ಬಂದರೆ ನನ್ನದಕ್ಕಿಂತ ಮೊದಲು ಬೀಳುತ್ತದೆ. ಅವಳ ಗೆಲುವಿಗೆ ಬೇಕಿದ್ದದ್ದು ನಾನು ಎಡಗೈ ಬೀಸುವುದು ಒಂದೇ. ಮೂವತ್ತಾರು ದಿನ ನನ್ನಿಂದ ಅದನ್ನೇ ಮಾಡಿಸಿದವಳು ಅವಳ ತಾಯಿ. ನಾನು ಮೂರ್ಖಳಲ್ಲ.

ಪಂದ್ಯ ಸಂತೆ ಮೈದಾನದಲ್ಲಿ, ಸಂಜೆ ನಾಲ್ಕಕ್ಕೆ. ಆರು ರೌಂಡ್. ಪಂದ್ಯದ ದಿನ ಉಸ್ತಾದರು ತಂತಮ್ಮ ಶಿಷ್ಯರ ಮೂಲೆಗೆ ವಾಪಸಾಗುತ್ತಾರೆ. ಮಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ "ಸಣ್ಣಗಾಗಿದೀಯ" ಎಂದ. ಅಷ್ಟೆ.

ಗಂಟೆ ಹೊಡೆಯಿತು. ಜಯಶೀಲಾ ನೇರ ನುಗ್ಗಿದಳು. ಬಲಗೈ ಬಿಗಿಹಿಡಿದು, ಗಲ್ಲ ಎದೆಗೆ ಒತ್ತಿ, ಪಕ್ಕಾ ಮೇಲ್ಗರಡಿ. ನಾನು ಬದಿಗೆ ಸರಿದು ಅವಳ ಸುತ್ತ ತಿರುಗಿದೆ, ಪಕ್ಕಾ ಕೆಳಗರಡಿ. ಮೊದಲ ನಿಮಿಷ ಜನರಿಗೆ ಯಾರ ಕಡೆ ಕೂಗಬೇಕೋ ತಿಳಿಯಲಿಲ್ಲ. ದಿಬ್ಬದವರು ಅಭ್ಯಾಸದಂತೆ ನುಗ್ಗುವವಳಿಗೆ ಕೂಗಿ, ಮುಖ ನೋಡಿ ಸುಮ್ಮನಾದರು. ಮನೆಬದಲಿನ ಪಂದ್ಯದಲ್ಲಿ ಇದು ಪ್ರತಿ ಸಲವೂ ಆಗುತ್ತದೆ, ಪ್ರತಿ ಸಲವೂ ಜನ ಮರೆತಿರುತ್ತಾರೆ.

ಎರಡು ರೌಂಡ್ ಸಂತೆಯಲ್ಲಿ ನಡೆದ ಹಾಗೆ ನಡೆದೆ. ಅವಳ ಹತ್ತು ಗುದ್ದಿನಲ್ಲಿ ಎಂಟು ಗಾಳಿಗೆ ಹೋದವು. ಆದರೆ ಬಿದ್ದ ಎರಡು ನನ್ನ ಪಕ್ಕೆಲುಬಿನಲ್ಲಿ ಕೂತವು. ಚೀಲದ ಹೊಲಿಗೆ ಹೇಗೆ ಬಿಟ್ಟಿತು ಎಂದು ಅರ್ಥವಾಯಿತು. ಮೂರನೇ ರೌಂಡಿನಲ್ಲಿ ಅವಳು ನನ್ನ ಮೂಗಿಗೆ ಒಂದು ಹಗುರ ಏಟು ಕೊಟ್ಟು ಕಾದಳು. ಕಾಯುತ್ತಾಳೆಂದು ನನಗೆ ಗೊತ್ತಿತ್ತು, ತಿರುಗಿ ಹೊಡೆಯಬಾರದೆಂದೂ ಗೊತ್ತಿತ್ತು. ಹೊಡೆದೆ. ಅವಳು ಅಲ್ಲಿರಲಿಲ್ಲ. ಅವಳ ಬಲಗೈ ಇತ್ತು. ಆಮೇಲೆ ನೆಲ ಇತ್ತು.

ರೆಫರಿ ಆರು ಎಣಿಸುವಾಗ ಎದ್ದೆ. ಬಾಯಲ್ಲಿ ಏನೋ ಗಟ್ಟಿಯಾದದ್ದು ಇತ್ತು, ಉಗಿದೆ. ಗಂಟೆ ಹೊಡೆಯಿತು. ಮೂಲೆಯಲ್ಲಿ ಮಾವ ನನ್ನ ತಲೆಯ ಮೇಲೆ ನೀರು ಹಿಂಡಿದ.

"ಮಾವ, ಈರಕ್ಕ ಸುಳ್ಳು ಹೇಳೋ ಹೆಂಗ್ಸಾ?"

"ಏನ್ ಹೇಳಿದ್ಲು ಅಂತ ನಂಗೆ ಹೇಳ್ಬೇಡ."

"ಹೇಳ್ತಿಲ್ಲ. ಸುಳ್ಳು ಹೇಳ್ತಾಳಾ ಅಂತ ಕೇಳ್ತಿದೀನಿ."

ಅವನು ಎದುರು ಮೂಲೆಯ ಕಡೆ ನೋಡಿದ. ಈರಕ್ಕ ಮಗಳ ಬಾಯಿಗೆ ನೀರು ಹಿಡಿದಿದ್ದಳು, ಎಡಗಡೆಯಿಂದ.

"ನಂಗೊತ್ತಿರೋ ಮಟ್ಟಿಗೆ ಇಲ್ಲ" ಎಂದ. "ಆದ್ರೆ ಮಗಳ ವಿಷ್ಯ ಬಂದಾಗ ಯಾರು ಏನ್ ಮಾಡ್ತಾರೋ ನಂಗೊತ್ತಿಲ್ಲ."

ನಾಲ್ಕನೇ ರೌಂಡಿನಲ್ಲಿ ಪಾಯಿಂಟಿನಲ್ಲಿ ನಾನು ಹಿಂದಿದ್ದೆ. ಹೀಗೇ ಹೋದರೆ ಸೋಲು ಖಚಿತ. ಸೋತರೆ ನಾಳೆಯಿಂದ ಗ್ಲೌಸ್ ಇಲ್ಲ, ನಲವತ್ತು ವರ್ಷ ದಿಬ್ಬದ ಮೇಲೆ ನಿಂತು ಬೇರೆಯವರ ಗುದ್ದು ಎಣಿಸುವುದು. ಲೆಕ್ಕ ಬದಲಾಯಿತು. ಎಡಗೈ ಬೀಸಿದರೆ ಸೋಲಬಹುದು, ಬೀಸದಿದ್ದರೆ ಸೋಲುತ್ತೇನೆ. ಐದನೇ ರೌಂಡಿನ ಮೊದಲ ನಿಮಿಷದಲ್ಲಿ ಅವಳ ಬಲಕ್ಕೆ ಒಂದು ಹೆಜ್ಜೆ ಸರಿದು ಸೊಂಟ ತಿರುಗಿಸಿದೆ.

ಗುದ್ದುವಾಗ ನಾನು ಎದುರಿಗಿದ್ದವಳ ಕಣ್ಣು ನೋಡುತ್ತೇನೆ. ಏಟು ಬರುವುದನ್ನು ಕಂಡವರ ರೆಪ್ಪೆ ಬಡಿಯುತ್ತದೆ, ಎಂಥ ಗಟ್ಟಿಗರದ್ದೂ. ಜಯಶೀಲಾಳ ರೆಪ್ಪೆ ಬಡಿಯಲಿಲ್ಲ. ನನ್ನ ಎಡಗೈ ಅವಳ ದವಡೆಗೆ ನಾಲ್ಕು ಬೆರಳು ದೂರ ಇದ್ದಾಗಲೂ ಅವಳು ನನ್ನ ಬಲಗೈಯನ್ನು ನೋಡುತ್ತಿದ್ದಳು.

ಬಿತ್ತು. ಅವಳ ಮೊಣಕಾಲು ಮಡಚಿತು, ಮತ್ತೆ ನೆಟ್ಟಗಾಯಿತು. ಮೂರು ಮುದ್ದೆಯ ಕಾಲು. ಅಷ್ಟು ಹೊತ್ತಿಗೆ ನನಗೆ ಎಲ್ಲ ತಿಳಿದುಹೋಗಿತ್ತು: ಹೇಳಿದ್ದು ನಿಜ, ಮೊಟ್ಟೆ ಕಟ್ಟಿದ್ದ ಜಾಗ ಕಣ್ಣು. ತಿಳಿದ ಮೇಲೆ ನಿಲ್ಲಿಸಿದೆ ಎಂದು ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ನಾನು ನಿಲ್ಲಿಸಲಿಲ್ಲ. ಮತ್ತೆ ಎರಡು ಸಲ ಸುತ್ತಿ ಹೊಡೆದೆ, ಎರಡೂ ಗೆರೆಗೇ ಬಿದ್ದವು. ಮೂರನೆಯದಕ್ಕೆ ಅವಳು ಕುಳಿತಳು. ರೆಫರಿ ಹತ್ತು ಎಣಿಸಿದ.

ಜನ ನನ್ನನ್ನು ಎತ್ತಿಕೊಂಡರು. ಮೇಲಿನಿಂದ ನೋಡಿದಾಗ ಈರಕ್ಕ ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಲಗಣ್ಣಿನ ರೆಪ್ಪೆ ಎತ್ತಿ ನೋಡುತ್ತಿದ್ದಳು. ದವಡೆಯನ್ನು ನೋಡಲೇ ಇಲ್ಲ. ಜಯಶೀಲಾ ಅವಳ ಕೈ ತಳ್ಳಿದಳು.

ಗ್ಲೌಸ್ ಬಿಚ್ಚುವ ಶೆಡ್ಡಿನಲ್ಲಿ ನಾವಿಬ್ಬರೇ ಇದ್ದಾಗ ಅವಳು ಒದ್ದೆ ಟವೆಲನ್ನು ದವಡೆಗೆ ಒತ್ತಿಕೊಂಡು ಕೇಳಿದಳು.

"ಅಮ್ಮ ಹೇಳಿದ್ಲಾ?"

ಪಂದ್ಯ ಮುಗಿದಿತ್ತು, ಹೇಳಬಹುದಿತ್ತು. "ಹೂಂ" ಎಂದೆ.

"ಮೂರು ಸಲ ಕೇಳಿದ್ಲು, ಕಣ್ಣಿಗೆ ಏನಾಗೈತೆ ಅಂತ. ಮೂರು ಸಲಾನೂ ಏನಿಲ್ಲ ಅಂದೆ. ನಂಬಿದ್ಲು ಅಂದ್ಕೊಂಡಿದ್ದೆ." ಟವೆಲನ್ನು ಮಗ್ಗುಲು ಬದಲಿಸಿ ಒತ್ತಿಕೊಂಡಳು. "ನಿನ್ನ ಎಡಗೈ ಮೊದ್ಲು ಹಂಗಿರ್ಲಿಲ್ಲ."

"ಇರ್ಲಿಲ್ಲ."

"ನಂಗೆ ಇಪ್ಪತ್ತು ವರ್ಷ ಕಲ್ಸಿದ್ಲು. ನಿಂಗೆ ನಲವತ್ತೆಂಟು ದಿನ."

"ನೀನು ಚೆನ್ನಾಗಿ ಆಡಿದೆ" ಎಂದೆ. ಅದು ನಿಜ. ಅದರಿಂದ ಏನೂ ಆಗುವುದಿಲ್ಲ ಎನ್ನುವುದೂ ನಿಜ.

ಮರುದಿನ ಬ್ಯಾಗು ತರಲು ಕೆಳಗರಡಿಗೆ ಹೋದೆ. ಈರಕ್ಕ ಅದನ್ನು ಕಟ್ಟಿ ಜಗಲಿಯ ಮೇಲೆ ಇಟ್ಟಿದ್ದಳು. ಕೂರು ಎನ್ನಲಿಲ್ಲ, ಕೂತೆ.

"ನನ್ನ ಕೈಲಿ ಹೊಡೆಸಿದ್ರಿ" ಎಂದೆ.

"ಹೊಡೆಸ್ದೆ."

"ಬೇಡ ಅಂತ ಅವಳಿಗೇ ಹೇಳ್ಬಹುದಿತ್ತು."

"ಹೇಳಿದ್ರೆ ಕೇಳೋಳಾಗಿದ್ರೆ ನನ್ನ ಮಗಳೇ ಅಲ್ಲ. ಪಂಚರಿಗೆ ಹೇಳಿದ್ರೆ ತಾಯಿ ಹೆದರ್ಕೊಂಡ್ಲು ಅಂತಿದ್ರು." ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಪಕ್ಕದೂರಿನ ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ, ನಾನೊಬ್ಳೇ. ಹಿಂಗಿಂಗೆ, ಬಲಗಡೆ ಕಂಬಕ್ಕೆ ಹಾಯ್ತಾಳೆ, ತಟ್ಟೆ ಬಲಗಡೆ ಇಟ್ರೆ ಕಾಣಲ್ಲ ಅಂತ ಹೇಳ್ದೆ. ನೋಡ್ದೆ ಏನೂ ಹೇಳಕಾಗಲ್ಲ, ಆದ್ರೆ ತಲೆಗೆ ಏಟು ಬೀಳೋದು ಇವತ್ತೇ ನಿಲ್ಸಿ ಅಂದ್ರು. ಇಲ್ಲಾಂದ್ರೆ ಪೂರ್ತಿ ಹೋಗ್ತದಂತೆ. ಗೆದ್ರೆ ಇನ್ನೂ ಎಂಟು ಹತ್ತು ವರ್ಷ ಆಡೋಳು. ಸೋತ್ರೆ ನಿಲ್ತದೆ. ಸೋಲ್ಸೋರು ಬೇಕಾಗಿತ್ತು."

"ನಾನು ಎಡಗೈ ಬೀಸದೇ ಇದ್ದಿದ್ರೆ?"

"ಬೀಸ್ತೀಯ ಅಂತ ಗೊತ್ತಿತ್ತು. ನಿಂಗೆ ಸೋಲೋಕೆ ಬರಲ್ಲ." ಹಾಗೆಂದವಳು ಬ್ಯಾಗನ್ನು ನನ್ನ ಕಡೆ ಸರಿಸಿದಳು. "ಕೈ ಚೆನ್ನಾಗಿ ಬಂದೈತೆ. ಅದು ನಿಂದು, ಬಿಡ್ಬೇಡ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಯಾವ ಪದ್ಧತಿಯನ್ನೂ ಮುರಿದಿರಲಿಲ್ಲ. ನನಗೆ ಗೆಲುವು ಬೇಕಿತ್ತು, ಅವಳಿಗೆ ಸೋಲು ಬೇಕಿತ್ತು, ಎರಡೂ ಒಂದೇ ಕೈಯಿಂದ ಆಯಿತು. ಅವಳು ತಪ್ಪಿದ್ದು ಒಂದೇ ಕಡೆ. ಮಗಳು ಸೋತು, ಅತ್ತು, ಮನೆಗೆ ಬರುತ್ತಾಳೆ ಎಂದು ಒಲೆಯ ಮೇಲೆ ಅನ್ನ ಇಟ್ಟಿದ್ದಳು. ಜಯಶೀಲಾಳ ಬಟ್ಟೆಯ ಬ್ಯಾಗು ದಿಬ್ಬದ ಮೇಲೆ ನಮ್ಮ ಮನೆಯಲ್ಲಿತ್ತು. ಅವಳು ಅದನ್ನು ತೆಗೆದುಕೊಂಡು ಹೋಗಲು ಬಂದು, ತೆಗೆದುಕೊಂಡು ಹೋಗಲಿಲ್ಲ.

ಈಗ ಅವಳು ಮೇಲ್ಗರಡಿಯಲ್ಲಿ ಸಣ್ಣ ಹುಡುಗಿಯರಿಗೆ ಕಲಿಸುತ್ತಾಳೆ, ನಮ್ಮತ್ತೆಯ ಮುದ್ದೆ ಉಣ್ಣುತ್ತಾಳೆ. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಇದ್ದಷ್ಟು ನೋಟ ಇರುತ್ತದೆ ಎಂದರು. ಈರಕ್ಕ ಎರಡು ಸಲ ದಿಬ್ಬದ ಬುಡದವರೆಗೆ ಬಂದು ತಿಮ್ಮಕ್ಕನ ಕೈಯಲ್ಲಿ ಹೇಳಿ ಕಳಿಸಿದಳು. ಜಯಶೀಲಾ ಕೆಳಗೆ ಇಳಿಯಲಿಲ್ಲ. ನಾನು ಆಮೇಲೆ ಒಂಬತ್ತು ಪಂದ್ಯ ಆಡಿದ್ದೇನೆ, ಒಂಬತ್ತನ್ನೂ ಗೆದ್ದಿದ್ದೇನೆ.

ಆ ಪಂದ್ಯದಲ್ಲಿ ನನಗೆ ಮೇಲಿನ ಸಾಲಿನ ಎರಡು ಹಲ್ಲು ಹೋದವು. ಜಯಶೀಲಾಗೆ ಆಟ ಹೋಯಿತು. ಈರಕ್ಕನಿಗೆ ಇದ್ದದ್ದು ಒಬ್ಬಳೇ ಮಗಳು, ಅವಳು ಹೋದಳು.